ಜೆ-1 ವೀಸಾದ ಎರಡು ವರ್ಷದ ಷರತ್ತು: ವಿನಾಯಿತಿ ಕೇಳುವ ಮೊದಲು ಕಾರಣ ಹುಡುಕಿ

ಪೋಸ್ಟ್‌ಡಾಕ್‌ಗೆ, ಫುಲ್‌ಬ್ರೈಟ್ ಫೆಲೋಶಿಪ್‌ಗೆ, ವೈದ್ಯಕೀಯ ರೆಸಿಡೆನ್ಸಿಗೆ ಅಮೆರಿಕಕ್ಕೆ ಹೋದವರಲ್ಲಿ ಬಹಳ ಜನರ ಬಳಿ ಇರುವುದು ಜೆ-1, ಅಂದರೆ ವಿನಿಮಯ ಕಾರ್ಯಕ್ರಮದ ವೀಸಾ. ಅದರ ಜೊತೆಗೆ 212(ಇ) ಎಂಬ ಷರತ್ತೂ ಬಂದಿರಬಹುದು. ಅದು ನಿಮಗೆ ಅನ್ವಯಿಸಿದರೆ, ಕಾರ್ಯಕ್ರಮ ಮುಗಿದ ಮೇಲೆ ಒಟ್ಟು ಎರಡು ವರ್ಷ ತಾಯ್ನಾಡಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಎಚ್-1ಬಿ, ಎಲ್ ಎಂಬ ಕೆಲಸದ ವೀಸಾ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಕೂಡ ಇಲ್ಲ. ಎರಡು ವರ್ಷ ಒಂದೇ ಸಲ ಇರಬೇಕೆಂದೇನೂ ಇಲ್ಲ, ಬಿಡಿ ದಿನಗಳನ್ನು ಕೂಡಿಸಬಹುದು. ಆದರೆ ಲೆಕ್ಕಕ್ಕೆ ಬರುವುದು ತಾಯ್ನಾಡಿನಲ್ಲಿ ಕಳೆದ ದಿನಗಳು ಮಾತ್ರ, ದುಬೈಯಲ್ಲೋ ಲಂಡನ್‌ನಲ್ಲೋ ಕಳೆದದ್ದಲ್ಲ.

ಷರತ್ತು ಇದೆ ಎಂದು ಗೊತ್ತಾದ ಕೂಡಲೇ ಜನ ವಕೀಲರನ್ನು ಹುಡುಕುತ್ತಾರೆ. ಸ್ವಲ್ಪ ತಡೆಯಿರಿ. ಅದು ನಿಮಗೆ ಯಾಕೆ ಬಂತು ಎನ್ನುವುದನ್ನು ಮೊದಲು ತಿಳಿದುಕೊಳ್ಳಿ. ಮುಂದಿನ ದಾರಿ ಪೂರ್ತಿ ಅದರ ಮೇಲೇ ನಿಂತಿದೆ.

ಮೊದಲು: ಕಾರಣ ಯಾವುದು?

ಕಾರಣಗಳು ಮೂರೇ. ನಿಮ್ಮ ಖರ್ಚಿಗೆ ಅಮೆರಿಕದ ಅಥವಾ ಭಾರತದ ಸರ್ಕಾರದ ಹಣ ಬಂದಿರಬೇಕು (ಫುಲ್‌ಬ್ರೈಟ್-ನೆಹರು ಫೆಲೋಗಳು ಬರುವುದು ಇಲ್ಲಿ). ಅಥವಾ ನೀವು ರೆಸಿಡೆನ್ಸಿ, ಫೆಲೋಶಿಪ್ ತರಬೇತಿ ಪಡೆದ ವೈದ್ಯರಾಗಿರಬೇಕು. ಅಥವಾ ನಿಮ್ಮ ವಿಷಯ ‘ಸ್ಕಿಲ್ಸ್ ಲಿಸ್ಟ್’ನಲ್ಲಿ ಇರಬೇಕು, ಅಂದರೆ ನಿಮ್ಮ ದೇಶಕ್ಕೆ ಬೇಕಾದ ಕೌಶಲಗಳ ಪಟ್ಟಿಯಲ್ಲಿ.

ಈ ಮೂರನೆಯದನ್ನು ಗಮನವಿಟ್ಟು ಓದಿ. 2024ರ ಡಿಸೆಂಬರ್ 9ರಂದು ಅಮೆರಿಕದ ವಿದೇಶಾಂಗ ಇಲಾಖೆ ಈ ಪಟ್ಟಿಯನ್ನು ಪರಿಷ್ಕರಿಸಿ ಭಾರತವನ್ನು ಕೈಬಿಟ್ಟಿತು. ಅದಕ್ಕೂ ಹಿಂದೆ ಜೆ-1ನಲ್ಲಿ ಹೋದವರಿಗೂ ಇದು ಅನ್ವಯಿಸುತ್ತದೆ. ಬರೀ ಸ್ಕಿಲ್ಸ್ ಲಿಸ್ಟ್ ಕಾರಣಕ್ಕೆ ಸಿಕ್ಕಿಕೊಂಡಿದ್ದ ಭಾರತೀಯರಿಗೆ ಈಗ ಎರಡು ವರ್ಷದ ಷರತ್ತೂ ಇಲ್ಲ, ವಿನಾಯಿತಿಯ ಅಗತ್ಯವೂ ಇಲ್ಲ. ಇದು ತಿಳಿಯದೆ ಅರ್ಜಿ ಹಾಕಿ ಸುಮ್ನೆ ಹಣ, ತಿಂಗಳುಗಳನ್ನು ಕಳೆಯಬೇಡಿ. ಆದರೆ ಸರ್ಕಾರದ ಹಣವೂ ಇದ್ದರೆ ಷರತ್ತು ಹಾಗೇ ಉಳಿಯುತ್ತದೆ.

ನೋಡುವುದು ಹೇಗೆ? ಕಾರ್ಯಕ್ರಮ ನಡೆಸುವ ಸಂಸ್ಥೆ ಕೊಡುವ ಡಿಎಸ್-2019 ಫಾರ್ಮ್ ಮತ್ತು ವೀಸಾ ಸ್ಟ್ಯಾಂಪ್ ಎರಡರಲ್ಲೂ 212(ಇ) ಬಗ್ಗೆ ಬರೆದಿರುತ್ತದೆ. ಆ ಬರಹ ತಪ್ಪಿರಲೂಬಹುದು, ಅದೇ ಕೊನೆಯ ಮಾತಲ್ಲ. ಅನುಮಾನವಿದ್ದರೆ ವಿದೇಶಾಂಗ ಇಲಾಖೆಯ ವೇವರ್ (ವಿನಾಯಿತಿ) ರಿವ್ಯೂ ವಿಭಾಗದಿಂದ ‘ಅಡ್ವೈಸರಿ ಒಪೀನಿಯನ್’, ಅಂದರೆ ಷರತ್ತು ನಿಮಗೆ ಅನ್ವಯಿಸುತ್ತದೆಯೇ ಎಂಬ ಅಭಿಪ್ರಾಯ ಕೇಳಿ. ನನ್ನ ಪ್ರಕಾರ ಅನುಮಾನ ಇರುವ ಯಾರೂ ಈ ಹೆಜ್ಜೆ ಬಿಡಬಾರದು. ಹಿಂದೆ ಬೇರೆ ಜೆ-1 ಕಾರ್ಯಕ್ರಮಕ್ಕೆ ಹೋಗಿದ್ದರೆ ಆ ಹಳೆಯ ಫಾರ್ಮ್‌ಗಳನ್ನೂ ತೆಗೆದು ನೋಡಿ, ಷರತ್ತು ಅಲ್ಲಿಂದಲೂ ಬಂದಿರಬಹುದು.

‘24 ತಿಂಗಳ ಬಾರ್’ ಎನ್ನುವುದು ಬೇರೆಯೇ ನಿಯಮ. ರಿಸರ್ಚ್ ಸ್ಕಾಲರ್ ಮತ್ತು ಪ್ರೊಫೆಸರ್ ವರ್ಗದವರು ಅದೇ ವರ್ಗದಲ್ಲಿ ಬೇಗ ಮರಳದಂತೆ ಅದು ತಡೆಯುತ್ತದೆ. 212(ಇ) ವಿನಾಯಿತಿ ಸಿಕ್ಕರೂ ಅದು ಹೋಗುವುದಿಲ್ಲ.

ಅರ್ಜಿ ಮತ್ತು ನೋರಿ

ವಿನಾಯಿತಿ ಬೇಕೇ ಬೇಕು ಎಂದಾದರೆ ಡಿಎಸ್-3035 ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ. ಶುಲ್ಕ 120 ಡಾಲರ್. ಕೇಸ್ ನಂಬರ್ ಸಿಗುತ್ತದೆ, ಮುಂದಿನ ಪ್ರತಿ ಕಾಗದದ ಮೇಲೂ ಅದಿರಬೇಕು. ಪ್ರಿಂಟ್ ತೆಗೆದು, ಇದುವರೆಗೆ ಪಡೆದ ಎಲ್ಲ ಡಿಎಸ್-2019ಗಳ ಪ್ರತಿ, ಪಾಸ್‌ಪೋರ್ಟ್ ಪ್ರತಿ ಮತ್ತು ಯಾಕೆ ವಿನಾಯಿತಿ ಬೇಕು ಎಂಬ ಹೇಳಿಕೆ ಸೇರಿಸಿ ಅಂಚೆಯಲ್ಲಿ ಕಳಿಸಬೇಕು.

ಸಂಶೋಧಕರಲ್ಲಿ ಹೆಚ್ಚಿನವರು ಹಿಡಿಯುವ ದಾರಿ, ತಮ್ಮ ಸರ್ಕಾರದ ‘ಆಕ್ಷೇಪಣೆ ಇಲ್ಲ’ ಪತ್ರ. ನಮ್ಮವರು ಇದನ್ನು ನೋರಿ (‘ನೋ ಆಬ್ಲಿಗೇಶನ್ ಟು ರಿಟರ್ನ್ ಟು ಇಂಡಿಯಾ’) ಎನ್ನುತ್ತಾರೆ. ಅಮೆರಿಕದ ಕಡೆಯ ಕೆಲಸಕ್ಕಿಂತ ಜಾಸ್ತಿ ತಾಳ್ಮೆ ಬೇಕಾಗುವುದು ಇಲ್ಲಿ. ಕೇಂದ್ರ ಶಿಕ್ಷಣ ಸಚಿವಾಲಯ, ನಿಮ್ಮ ರಾಜ್ಯ ಸರ್ಕಾರ, ಪಾಸ್‌ಪೋರ್ಟ್ ಕಚೇರಿ ಎಲ್ಲ ಕಡೆಯಿಂದ ಎನ್‌ಒಸಿ ಬರಬೇಕು. ಆಮೇಲೆ ಭಾರತೀಯ ರಾಯಭಾರ ಕಚೇರಿ ತನ್ನ ಪತ್ರವನ್ನು ನೇರವಾಗಿ ಅಮೆರಿಕದ ವಿದೇಶಾಂಗ ಇಲಾಖೆಗೆ ಕಳಿಸುತ್ತದೆ. ನೀವೇ ಕಳಿಸಿದರೆ ನಡೆಯುವುದಿಲ್ಲ. ಊರಿನಲ್ಲಿ ಅಪ್ಪನೋ ಅಕ್ಕನೋ ಕಚೇರಿಗೆ ಹೋಗಿ ಫೈಲ್ ಎಲ್ಲಿದೆ ಎಂದು ವಿಚಾರಿಸುವಂತಿದ್ದರೆ ದೊಡ್ಡ ಅನುಕೂಲ.

ಅಮೆರಿಕ ಸರ್ಕಾರದ ಹಣದಲ್ಲಿ ಓದಿದವರಿಗೆ, ಮುಖ್ಯವಾಗಿ ಫುಲ್‌ಬ್ರೈಟ್‌ನವರಿಗೆ, ನೋರಿ ಸಿಕ್ಕರೂ ವಿನಾಯಿತಿ ಕಷ್ಟ. ಅವರು ಎರಡು ವರ್ಷ ಊರಿನಲ್ಲಿ ಕೆಲಸ ಮಾಡುವ ಯೋಜನೆಯನ್ನೇ ಮೊದಲಿನಿಂದ ಇಟ್ಟುಕೊಳ್ಳುವುದು ಒಳ್ಳೆಯದು.

ಗಂಡ, ಹೆಂಡತಿ ಅಥವಾ ಮಗು ಅಮೆರಿಕದ ಪ್ರಜೆ ಇಲ್ಲವೇ ಗ್ರೀನ್ ಕಾರ್ಡ್ ಇರುವವರಾಗಿದ್ದರೆ ‘ಅಸಾಧಾರಣ ಕಷ್ಟ’ದ ಆಧಾರದಲ್ಲಿ ಐ-612 ಅರ್ಜಿ ಹಾಕಬಹುದು. ದೂರ ಇರುವ ಸಂಕಟವೊಂದೇ ಸಾಲದು. ಅವರು ನಿಮ್ಮ ಜೊತೆ ಭಾರತಕ್ಕೆ ಬಂದರೂ ಕಷ್ಟ, ಅಮೆರಿಕದಲ್ಲೇ ಉಳಿದರೂ ಕಷ್ಟ ಎಂದು ದಾಖಲೆ ಸಮೇತ ತೋರಿಸಬೇಕು. ತಾಯ್ನಾಡಿನಲ್ಲಿ ಕಿರುಕುಳದ ಭಯ ಇರುವವರಿಗೂ ಇದೇ ಫಾರ್ಮ್.

ವೈದ್ಯರ ದಾರಿ ಬೇರೆ

ರೆಸಿಡೆನ್ಸಿ ಮಾಡಿದ ವೈದ್ಯರಿಗೆ ‘ಆಕ್ಷೇಪಣೆ ಇಲ್ಲ’ ಪತ್ರದ ದಾರಿಯನ್ನು ಅಮೆರಿಕದ ಕಾನೂನೇ ಮುಚ್ಚಿದೆ. ಹೋಗುವಾಗ ನಮ್ಮ ಆರೋಗ್ಯ ಸಚಿವಾಲಯದ ‘ಸ್ಟೇಟ್‌ಮೆಂಟ್ ಆಫ್ ನೀಡ್’ (ಇಂಥ ವೈದ್ಯರು ದೇಶಕ್ಕೆ ಬೇಕು ಎಂಬ ಪತ್ರ) ಪಡೆಯಲು, ತರಬೇತಿ ಮುಗಿಸಿ ಮರಳಿ ಬರುತ್ತೇನೆ ಎಂದು ಬರೆದುಕೊಟ್ಟಿರುತ್ತಾರೆ. ಇವರಿಗೆ ದೊಡ್ಡ ಬಾಗಿಲು ಎಂದರೆ ಕಾನ್ರಾಡ್ 30. ಸೆನೆಟರ್ ಕೆಂಟ್ ಕಾನ್ರಾಡ್ ಹೆಸರಿನ ಈ ಯೋಜನೆ ಶುರುವಾದದ್ದು 1994ರಲ್ಲಿ. ಪ್ರತಿ ರಾಜ್ಯ ವರ್ಷಕ್ಕೆ 30 ವೈದ್ಯರಿಗೆ ಶಿಫಾರಸು ಮಾಡಬಹುದು. ವೈದ್ಯರ ಕೊರತೆ ಇರುವ ಪ್ರದೇಶದಲ್ಲಿ ಮೂರು ವರ್ಷ, ವಾರಕ್ಕೆ 40 ಗಂಟೆ, ಎಚ್-1ಬಿಯಲ್ಲಿ ಕೆಲಸ ಮಾಡಬೇಕು. ವಿನಾಯಿತಿ ಸಿಕ್ಕ 90 ದಿನದೊಳಗೆ ಸೇರಬೇಕು. ಆ ಎಚ್-1ಬಿಗೆ ಲಾಟರಿ ಇಲ್ಲ, ಅದೊಂದು ನೆಮ್ಮದಿ.

ಹೊಸ ವರ್ಷದ ಸ್ಥಾನಗಳು ತೆರೆಯುವುದು ಅಕ್ಟೋಬರ್ 1ರಿಂದ. ಬೇಡಿಕೆ ಇರುವ ರಾಜ್ಯಗಳಲ್ಲಿ ಬೇಗ ತುಂಬುತ್ತವೆ. ಹಾಗಾಗಿ ತರಬೇತಿ ಮುಗಿಯುವ ಒಂದು ವರ್ಷ ಮೊದಲೇ ಆಸ್ಪತ್ರೆಯ ಕರಾರು ಕೈಯಲ್ಲಿರಲಿ. ಯೋಜನೆ ಕಾಯಂ ಅಲ್ಲ, ಅಮೆರಿಕದ ಸಂಸತ್ತು ಆಗಾಗ ಅವಧಿ ವಿಸ್ತರಿಸಬೇಕು. ಸಹಿ ಹಾಕುವ ಮೊದಲು ಈಗಿನ ಸ್ಥಿತಿ ವಿಚಾರಿಸಿ. ಕರಾರನ್ನು ವಲಸೆ ವಕೀಲರಿಗೆ ತೋರಿಸಿ. ಮೂರು ವರ್ಷ ಅದರಡಿಯಲ್ಲೇ ಬದುಕಬೇಕಲ್ವಾ?

ದಿನಾಂಕದ ಎಚ್ಚರಿಕೆ

ವಿದೇಶಾಂಗ ಇಲಾಖೆ ಕೊಡುವುದು ಶಿಫಾರಸು ಮಾತ್ರ. ಅಂತಿಮ ಮಂಜೂರಾತಿ ಬರುವುದು ವಲಸೆ ಇಲಾಖೆಯಿಂದ, ಐ-797 ರೂಪದಲ್ಲಿ. ಜೆ-2ನಲ್ಲಿರುವ ಸಂಗಾತಿ, ಮಕ್ಕಳಿಗೂ ಇದೇ ಷರತ್ತು, ನಿಮಗೆ ಸಿಕ್ಕ ವಿನಾಯಿತಿ ಅವರಿಗೂ ಸಲ್ಲುತ್ತದೆ. ಆದರೆ ಶಿಫಾರಸು ಹೊರಟಿತೆಂದರೆ ಜೆ-1 ಅವಧಿ ವಿಸ್ತರಣೆಯಾಗಲಿ, ಬೇರೆ ಸಂಸ್ಥೆಗೆ ವರ್ಗಾವಣೆಯಾಗಲಿ ಸಿಗುವುದಿಲ್ಲ. ಪ್ರಯೋಗಾಲಯದಲ್ಲಿ ಇನ್ನೊಂದು ವರ್ಷದ ಕೆಲಸ ಬಾಕಿ ಇದ್ದರೆ ಮೊದಲು ಹೊಸ ಡಿಎಸ್-2019 ಪಡೆಯಿರಿ, ವಿನಾಯಿತಿಯ ಅರ್ಜಿ ಆಮೇಲೆ.