ಇನ್‌ಹೇಲರ್ ಔಷಧಿ ಎದೆಗೆ ಇಳಿಯಬೇಕಾದರೆ

ನಮ್ಮಮ್ಮ ಆರು ತಿಂಗಳು ದಿನಾ ಎರಡು ಹೊತ್ತು ತಪ್ಪದೆ ಇನ್‌ಹೇಲರ್ ಎಳೆದರು. ಆದರೂ ನಸುಕಿನ ಉಬ್ಬಸ ನಿಲ್ಲಲಿಲ್ಲ. ಒಂದು ದಿನ ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಡಬ್ಬಿ ಒತ್ತಿದರು, ಆಮೇಲೆ ಉಸಿರೆಳೆದರು. ತುಟಿಯ ಸಂದಿಯಿಂದ ಬಿಳಿ ಹೊಗೆ ಹೊರಗೆ ಬಂತು. ಆ ಹೊಗೆಯೇ ಔಷಧಿ! ಎಳೆಯುವುದು ಹೇಗೆ ಅಂತ ಅವರಿಗೆ ಯಾರೂ ತೋರಿಸಿರಲೇ ಇಲ್ಲ.

ದಿನಾ ತೆಗೆದುಕೊಳ್ಳುವ ಇನ್‌ಹೇಲರ್‌ನಲ್ಲಿ ಸಾಮಾನ್ಯವಾಗಿ ಬುಡೆಸೊನೈಡ್ ಅಥವಾ ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಅದು ಉಸಿರುನಾಳದ ಒಳಗಿನ ಊತವನ್ನು ನಿಧಾನವಾಗಿ ಇಳಿಸುತ್ತದೆ. ಔಷಧಿಯ ಪೂರ್ತಿ ಪರಿಣಾಮ ಕಾಣಲು ಕೆಲವು ವಾರ ಬೇಕು. ದಮ್ಮು ಕಟ್ಟಿದಾಗ ಎಳೆಯುವ ಸಾಲ್ಬುಟಮಾಲ್ ಪಂಪು ಬೇರೆ. ಆರಾಮಾಗಿದ್ದೇನೆ ಅಂತ ದಿನದ್ದನ್ನು ನೀವೇ ನಿಲ್ಲಿಸಬೇಡಿ.

ಈಗ ಒತ್ತುವ ಡಬ್ಬಿಯ ವಿಷಯ. ನೆಟ್ಟಗೆ ಕೂತುಕೊಳ್ಳಿ ಇಲ್ಲವೇ ನಿಂತುಕೊಳ್ಳಿ. ಮುಚ್ಚಳ ತೆಗೆದು, ಬಾಯಿಗಿಡುವ ಕಡೆ ಕಸ ಇದೆಯಾ ನೋಡಿ, ಚೆನ್ನಾಗಿ ಅಲ್ಲಾಡಿಸಿ. ಹೊಸ ಡಬ್ಬಿಯಾದರೆ ಮೊದಲು ಗಾಳಿಗೆ ಕೆಲವು ಸಲ ಒತ್ತಬೇಕು. ಎಷ್ಟು ಸಲ ಅಂತ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ.

ಡಬ್ಬಿಯಿಂದ ಮುಖ ಸರಿಸಿ ಉಸಿರನ್ನು ಪೂರ್ತಿ ಹೊರಗೆ ಬಿಡಿ. ಹಲ್ಲಿನ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಿ. ನಾಲಿಗೆ ಅಡ್ಡ ಬರಬಾರದು. ಬಾಯಿಂದ ನಿಧಾನವಾಗಿ ಉಸಿರೆಳೆಯಲು ಶುರು ಮಾಡಿ, ಆ ಕ್ಷಣಕ್ಕೇ ಒಂದು ಸಲ ಒತ್ತಿ. ಎಳೆಯುವುದನ್ನು ನಿಲ್ಲಿಸಬೇಡಿ. ನಾಲ್ಕೈದು ಸೆಕೆಂಡು ಹಾಗೇ ಎಳೆಯುತ್ತಾ ಹೋಗಿ. ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾ ಉಸಿರು ಹಿಡಿಯಿರಿ. ಒಂದು ಸಲ ಒತ್ತಿದರೆ ಒಂದು ಪಫ್. ಎರಡನೇ ಪಫ್ ಇದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ ತೆಗೆದುಕೊಳ್ಳಿ. ಒಮ್ಮೆ ಕನ್ನಡಿ ಮುಂದೆ ನಿಂತು ಮಾಡಿ ನೋಡಿ. ಬಾಯಿಂದಲೋ ಮೂಗಿನಿಂದಲೋ ಬಿಳಿ ಹೊಗೆ ಕಂಡರೆ ಆ ಪಫ್ ಅಷ್ಟೂ ಒಳಗೆ ಹೋಗಿಲ್ಲ.

ಒತ್ತುವುದು, ಎಳೆಯುವುದು ಎರಡೂ ಕೂಡಿ ಬರುವುದು ಕಷ್ಟ, ಅಲ್ವಾ? ವಯಸ್ಸಾದವರಿಗೂ ಮಕ್ಕಳಿಗೂ ಇನ್ನೂ ಕಷ್ಟ. ಅದಕ್ಕೇ ಸ್ಪೇಸರ್, ಅಂದರೆ ಡಬ್ಬಿಗೂ ಬಾಯಿಗೂ ನಡುವೆ ಸಿಕ್ಕಿಸುವ ಟೊಳ್ಳು ಕೊಳವೆ, ಇರುವುದು. ನನ್ನ ಕೇಳಿದರೆ ಎಲ್ಲರೂ ಇದನ್ನೇ ಬಳಸಲಿ ಅನ್ನುತ್ತೇನೆ. ಡಬ್ಬಿಯನ್ನು ಅದಕ್ಕೆ ಸಿಕ್ಕಿಸಿ, ಒಂದು ಸಲಕ್ಕೆ ಒಂದೇ ಪಫ್ ಒತ್ತಿ, ಕೂಡಲೇ ನಿಧಾನವಾಗಿ ಎಳೆಯಿರಿ. ತೊಳೆದ ಮೇಲೆ ಬಟ್ಟೆಯಿಂದ ಒರೆಸಬೇಡಿ. ಉಜ್ಜಿದರೆ ಔಷಧಿ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಸೋಪಿನ ನೀರಿನಿಂದ ತೆಗೆದು ಹಾಗೇ ಗಾಳಿಗೆ ಒಣಗಲು ಬಿಡಿ.

ಕ್ಯಾಪ್ಸುಲ್ ಹಾಕುವ ರೋಟಾಹೇಲರ್‌ದು ಉಲ್ಟಾ. ಅಲ್ಲಿ ಪುಡಿಯನ್ನು ಎಬ್ಬಿಸುವುದು ನಿಮ್ಮ ಉಸಿರೇ. ಹಾಗಾಗಿ ಜೋರಾಗಿ, ಆಳವಾಗಿ ಎಳೆಯಬೇಕು. ಅದರೊಳಗೆ ಊದಬಾರದು.

ಕೊನೆಗೆ ಬಾಯಿ ಮುಕ್ಕಳಿಸಿ, ಗಂಟಲು ಗಳಗಳಿಸಿ ಉಗಿಯಿರಿ. ಸುಮ್ನೆ ನೀರು ಕುಡಿದರೆ ಸಾಲದು. ಔಷಧಿ ಬಾಯಲ್ಲೇ ಉಳಿದರೆ ಬಿಳಿ ಬೂಸ್ಟು ಬರಬಹುದು, ದನಿ ಒಡೆಯಬಹುದು. ಹಲ್ಲುಜ್ಜುವ ಮುಂಚೆ ಎಳೆದರೆ ಈ ಕೆಲಸ ಮರೆಯುವುದಿಲ್ಲ.

ಇನ್‌ಹೇಲರ್ ಚಟವಾಗುತ್ತದೆ ಅಂತ ಮಾತ್ರೆ ಕೇಳುವವರು ನಮ್ಮಲ್ಲಿ ಜಾಸ್ತಿ. ಚಟವೇನೂ ಆಗುವುದಿಲ್ಲ. 4 ಮಿಲಿಗ್ರಾಂನ ಒಂದು ಸಾಲ್ಬುಟಮಾಲ್ ಮಾತ್ರೆಯಲ್ಲಿ 100 ಮೈಕ್ರೋಗ್ರಾಂನ 40 ಪಫ್‌ಗಳಷ್ಟು ಔಷಧಿ ಇರುತ್ತದೆ. ಪಫ್ ನೇರವಾಗಿ ಎದೆಗೆ ಹೋಗುವುದರಿಂದ ಅಷ್ಟು ಕಡಿಮೆ ಸಾಕು.

ದಿನದ ಇನ್‌ಹೇಲರ್ ಸರಿಯಾಗಿ ಎಳೆದೂ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ದಮ್ಮಿನ ಪಂಪು ಬೇಕಾದರೆ ವೈದ್ಯರಿಗೆ ಹೇಳಿ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಷ್ಟು ದಮ್ಮು ಕಟ್ಟಿದರೆ ಪಂಪು ಎಳೆಯುತ್ತಲೇ ತಕ್ಷಣ ಆಸ್ಪತ್ರೆಗೆ ಹೊರಡಿ.

ಇನ್ನು ಡಬ್ಬಿ ಖಾಲಿಯಾಗುವ ಲೆಕ್ಕ. ಔಷಧಿ ಮುಗಿದ ಮೇಲೂ ಡಬ್ಬಿ ಬುಸ್ ಅನ್ನುತ್ತಲೇ ಇರುತ್ತದೆ. ನೀರಲ್ಲಿ ತೇಲಿಸಿ ನೋಡುವ ಪರೀಕ್ಷೆಯನ್ನೂ ನಂಬಬೇಡಿ. 120 ಪಫ್‌ನ ಡಬ್ಬಿ ದಿನಕ್ಕೆ 4ರಂತೆ 30 ದಿನ ಬರುತ್ತದೆ. ಎಣಿಕೆಯ ಕಿಟಕಿ ಇಲ್ಲದ ಡಬ್ಬಿಯಾದರೆ ಶುರು ಮಾಡಿದ ತಾರೀಖನ್ನು ಅದರ ಮೇಲೇ ಬರೆಯಿರಿ. ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸಿದ ದಿನದ ಪಕ್ಕದಲ್ಲೇ ಇದನ್ನೂ ಗುರುತು ಹಾಕುತ್ತಾರೆ.