ಬಲ್ಬಿನ ಬುಡದಿಂದ ಹಿತ್ತಲ ಗೂಡಿಗೆ

ಹೋದ ವರ್ಷ ಕಾರ್ತಿಕದಲ್ಲಿ ಒಂದೇ ರಾತ್ರಿಗೆ ನನ್ನ ಒಂಬತ್ತು ಕೋಳಿಮರಿ ಸತ್ತವು. ಮುಂಗುಸಿ ಬಂದಿರಲಿಲ್ಲ, ರೋಗವೂ ಇರಲಿಲ್ಲ. ಮೂವತ್ತು ದಿನ ತುಂಬಿದ್ದ ಮರಿಗಳು, ಚುರುಕಾಗಿ ಮೇಯುತ್ತಿದ್ದವು. ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಎಲ್ಲವೂ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಮೇಲಿದ್ದವು ಎದ್ದು ಓಡಿದವು. ಅಡಿಯಲ್ಲಿದ್ದವು ಏಳಲಿಲ್ಲ. ಕೈಗೆತ್ತಿಕೊಂಡರೆ ಮೈ ಒದ್ದೆಯಾಗಿ ಚಪ್ಪಟೆಯಾಗಿತ್ತು, ಹೊಟ್ಟೆಯ ಕಡೆ ಇನ್ನೂ ಬೆಚ್ಚಗಿತ್ತು.

ಚಳಿಗೆ ಸತ್ತವು ಅಂತ ಎಲ್ಲರೂ ಅಂದರು. ಆದರೆ ಅವು ಸತ್ತಿದ್ದು ಉಸಿರುಕಟ್ಟಿ. ಚಳಿಯಾದರೆ ಮರಿ ಬೆಚ್ಚಗಿನ ಜಾಗ ಹುಡುಕುತ್ತದೆ. ಸಿಗದಿದ್ದರೆ ಪಕ್ಕದ ಮರಿಯ ಅಡಿಗೆ ತೂರುತ್ತದೆ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ಆದರೆ ನಡುರಾತ್ರಿ ಕಳೆದ ಮೇಲೆ ಕಂಬಳಿ ಬೇಕೇಬೇಕು. ನಾನು ಮಧ್ಯಾಹ್ನದ ಬಿಸಿಲು ನೋಡಿ ಮರಿಗಳನ್ನು ಹೊರಗೆ ಹಾಕಿದ್ದೆ. ನೋಡಬೇಕಾಗಿದ್ದು ಬೆಳಗಿನ ಜಾವದ ನಾಲ್ಕು ಗಂಟೆಯನ್ನು.

ಈ ವರ್ಷ ದೀಪಾವಳಿ ಮುಗಿದ ಮೇಲೆ 50 ಸ್ವರ್ಣಧಾರ ಮರಿ ತಂದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ತಳಿ ಇದು. ಅಲ್ಲಿಂದಲೇ 1989ರಲ್ಲಿ ಗಿರಿರಾಜ ಬಂದಿತ್ತು, ಸ್ವರ್ಣಧಾರ ಅದರ ನಂತರದ್ದು. ಬೇಕಂತಲೇ ಅದೇ ಚಳಿಗಾಲಕ್ಕೆ ತಂದೆ. ಈ ಸಲ ಒಂದು ಮರಿಯನ್ನೂ ಹಾಗೆ ಕಳೆದುಕೊಳ್ಳಬಾರದು ಅಂತ ಹಟವಿತ್ತು.

ಬ್ರೂಡರ್, ಅಂದರೆ ತಾಯಿಯಿಲ್ಲದ ಮರಿಗೆ ಕಾವು ಕೊಡುವ ಜಾಗ, ನಮ್ಮಲ್ಲಿ ದೊಡ್ಡದೇನಲ್ಲ. ಹಳೇ ಕೊಬ್ಬರಿ ಕೋಣೆಯಲ್ಲಿ ತಗಡಿನ ಶೀಟನ್ನು ದುಂಡಗೆ ನಿಲ್ಲಿಸಿ, ಒಳಗೆ ಎರಡು ಇಂಚು ಭತ್ತದ ಹೊಟ್ಟು ಹರಡಿ, ಮೇಲೆ 100 ವ್ಯಾಟಿನ ಎರಡು ಬಲ್ಬು ಇಳಿಬಿಟ್ಟಿದ್ದೇನೆ. ಮೊದಲ ವಾರ ಮರಿಯ ಮಟ್ಟದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು. ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತಾ ಬರಬೇಕು. ಥರ್ಮಾಮೀಟರ್ ಇಟ್ಟಿದ್ದೆ, ಆದರೂ ಮರಿಗಳನ್ನೇ ಜಾಸ್ತಿ ನಂಬಿದೆ. ಬಲ್ಬಿನ ಕೆಳಗೆ ಗುಂಪುಗೂಡಿ ಚೀರಿದರೆ ಚಳಿ. ಗೋಡೆ ಕಡೆ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಎಲ್ಲಾ ಕಡೆ ಹರಡಿಕೊಂಡು ಸಣ್ಣಗೆ ಗುಜುಗುಜು ಅನ್ನುತ್ತಿದ್ದರೆ ಸರಿಯಾಗಿದೆ ಅಂತ.

ನಾಲ್ಕನೇ ವಾರ ಹಗಲು ಬಲ್ಬು ಆರಿಸಿದೆ. ಐದನೇ ವಾರ ರಾತ್ರಿಯೂ ಆರಿಸಿದೆ, ಆದರೆ ಮರಿಗಳು ಕೋಣೆಯೊಳಗೇ ಇದ್ದವು. ಹೋದ ಸಲ ನಾನು ಬಿಟ್ಟ ಹೆಜ್ಜೆ ಇದೇ. ಬೆಚ್ಚಗಿನ ಕೋಣೆ, ಬಲ್ಬು ಎರಡನ್ನೂ ಒಂದೇ ದಿನ ತಪ್ಪಿಸಿದ್ದೆ.

ಮೂವತ್ತನೇ ದಿನ ದಾಟಿದಾಗ ಕೈ ತುರಿಸಿತು. ಇನ್ನೇನು ಹೊರಗೆ ಬಿಡಬಹುದಲ್ವಾ ಅಂತ ನಮ್ಮತ್ತೆಯನ್ನು ಕೇಳಿದೆ. ಅವರು ಒಂದು ಮರಿ ಹಿಡಿದು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡರು. "ದಿನ ಎಣಿಸಬೇಡ ಕಣವ್ವ, ರೆಕ್ಕೆ ಎತ್ತಿ ನೋಡು" ಅಂದರು. ಬೆನ್ನ ಮೇಲೆ, ಎದೆ ಮೇಲೆ ಪುಕ್ಕ ಬಂದಿತ್ತು. ಮೇಲಿಂದ ನೋಡಿದರೆ ಪೂರ್ತಿ ಕೋಳಿಯ ಹಾಗೇ ಕಾಣುತ್ತಿತ್ತು. ರೆಕ್ಕೆ ಎತ್ತಿದರೆ ಕಂಕುಳಲ್ಲಿ ಬರೀ ಗುಲಾಬಿ ಚರ್ಮ, ಅಲ್ಲೊಂದು ಇಲ್ಲೊಂದು ಹತ್ತಿಯಂಥ ಮರಿಗೂದಲು. ಕತ್ತಿನ ಹಿಂದೆ ಗರಿಗಳು ಇನ್ನೂ ಸೂಜಿಯ ಹಾಗೆ ಮುಚ್ಚಿಕೊಂಡಿದ್ದವು, ಬಿಚ್ಚಿಕೊಂಡಿರಲಿಲ್ಲ. ನಮ್ಮತ್ತೆ ಅಲ್ಲಿ ಬೆರಳಿಟ್ಟು, "ಇಲ್ಲಿಂದಲೇ ಚಳಿ ಒಳಗೆ ಹೋಗೋದು" ಅಂದರು. ನಾಟಿ ಹ್ಯಾಟೆ ತನ್ನ ಮರಿಗಳನ್ನು ಎರಡು ತಿಂಗಳ ಹತ್ತಿರ ರೆಕ್ಕೆಯಡಿ ಇಟ್ಟುಕೊಳ್ಳುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದಾರೆ. ಬಲ್ಬಿನ ಮರಿಗೆ ಆ ತಾಯಿ ಇಲ್ಲ ಅನ್ನುವುದು ನನಗೆ ಆವತ್ತು ಸರಿಯಾಗಿ ಅರ್ಥವಾಯಿತು.

ಹಾಗಾಗಿ ಇನ್ನೂ ಹತ್ತು ದಿನ ಕಾದೆ. ಲಸಿಕೆಯ ಲೆಕ್ಕವೂ ಅದಕ್ಕೆ ಹೊಂದಿಬಂತು. ರಾಣಿಖೇತ್ ರೋಗಕ್ಕೆ ಹಾಕುವ ಲಸೋಟ ಲಸಿಕೆ ಎರಡನೇ ಸಲದ್ದು ನಾಲ್ಕನೇ ವಾರ ಮುಗಿದಿತ್ತು. ಲಸಿಕೆ ಹಾಕಿದ ದಿನವೇ ಜಾಗ ಬದಲಿಸಬಾರದು. ಎರಡು ಸುಸ್ತು ಒಟ್ಟಿಗೆ ಬಿದ್ದರೆ ಮರಿ ಮೇವು ಬಿಡುತ್ತದೆ.

ಕಾಯುವ ಆ ದಿನಗಳಲ್ಲಿ ಗೂಡು ಸರಿಮಾಡಿದೆ. ನಮ್ಮದು 6 ಅಡಿಗೆ 10 ಅಡಿ. ಈ ವಯಸ್ಸಿಗೆ ಮರಿಗೆ ಒಂದು ಚದರ ಅಡಿಯಾದರೂ ಬೇಕು, ನಮಗೆ ಸ್ವಲ್ಪ ಮಿಕ್ಕಿತ್ತು. ಮೊದಲು ಕೋಳಿಜಾಲರಿ ಹೊಡೆದಿದ್ದೆ. ಅದು ಕೋಳಿಯನ್ನು ಒಳಗಿಡುತ್ತದೆ, ಮುಂಗುಸಿಯನ್ನು ಹೊರಗಿಡಲ್ಲ. ಕೆಳಗಿನ ಮೂರು ಅಡಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಕಟ್ಟಿಸಿ, ಒಂದು ಅಡಿ ಮಣ್ಣಿನೊಳಕ್ಕೆ ಹೂಳಿಸಿದೆ. ಹೆಗ್ಗಣ ತೋಡಿಕೊಂಡು ಬರುವುದು ನಿಂತಿತು. ಗಾಳಿ ಬೀಸುವ ಪೂರ್ವದ ಕಡೆಗೆ ಮರಿಗಳ ಎತ್ತರದವರೆಗೆ ಗೋಣಿತಾಟು ಕಟ್ಟಿದೆ. ಮೇಲೆ ತೆರೆದೇ ಬಿಟ್ಟೆ, ಯಾಕಂದರೆ ಪಿಚ್ಚಿಕೆಯ ಘಾಟು ಒಳಗೇ ನಿಂತರೆ ಮರಿಗಳಿಗೆ ನೆಗಡಿ ಹಿಡಿಯುತ್ತದೆ. ನಾಲ್ಕೂ ಮೂಲೆಗೆ ರಟ್ಟು ಬಗ್ಗಿಸಿ ದುಂಡಗೆ ಮಾಡಿದೆ. ಮೂಲೆಯೇ ಇಲ್ಲದಿದ್ದರೆ ರಾಶಿ ಬೀಳಲು ಜಾಗವಿರಲ್ಲ. ಇಷ್ಟನ್ನು ಹೋದ ವರ್ಷ ಮಾಡಿದ್ದರೂ ಅರ್ಧ ಮರಿ ಉಳಿಯುತ್ತಿದ್ದವೇನೋ.

ನಲವತ್ತನೇ ದಿನ ಬೆಳಗ್ಗೆ ಹತ್ತಕ್ಕೆ, ಇಬ್ಬನಿ ಆರಿದ ಮೇಲೆ ಸಾಗಿಸಿದೆ. ಸಂಜೆ ಸಾಗಿಸಿದರೆ ಹೊಸ ಜಾಗ ನೋಡುವಷ್ಟರಲ್ಲಿ ಕತ್ತಲಾಗುತ್ತದೆ, ಗಾಬರಿಯಾಗುತ್ತವೆ. ಮಂಕರಿಯಲ್ಲಿ ಹತ್ತತ್ತು ಮರಿ ಹಾಕಿ, ಮೇಲೆ ಗೋಣಿ ಮುಚ್ಚಿ ಹೊತ್ತೊಯ್ದೆ. ಅದೇ ನೀರಿನ ಡಬ್ಬ, ಅದೇ ಮೇವಿನ ತಟ್ಟೆ ಇಟ್ಟೆ. ಬ್ರೂಡರಿನ ಒಣ ಹೊಟ್ಟು ಎರಡು ಬುಟ್ಟಿ ತಂದು ಹೊಸದರ ಮೇಲೆ ಉದುರಿಸಿದೆ. ಆವತ್ತು ನೀರಿಗೆ ಸ್ವಲ್ಪ ಬೆಲ್ಲ ಹಾಕಿದೆ. ಮೇವು ಬದಲಿಸಲಿಲ್ಲ, ಸ್ಟಾರ್ಟರ್ ಅನ್ನುವ ಎಳೆಮರಿಗಳ ಮೇವನ್ನೇ ಮುಂದುವರಿಸಿದೆ.

ರಾತ್ರಿಗೆ ಒಂದು ಬಲ್ಬು ಮತ್ತೆ ಹಚ್ಚಿದೆ. ಕರೆಂಟಿನ ಭರವಸೆ ಇಲ್ಲ, ಅದಕ್ಕೆ ಎರಡು ಲೀಟರಿನ ಬಾಟಲಿಗಳಲ್ಲಿ ಕೈ ತಡೆಯುವಷ್ಟು ಬಿಸಿನೀರು ತುಂಬಿ, ಗೋಣಿ ಸುತ್ತಿ ಮಧ್ಯದಲ್ಲಿಟ್ಟೆ. ಕೆಂಡದ ಮಡಕೆ ಇಡುವವರೂ ಇದ್ದಾರೆ. ಹೊಗೆಗೂ ಬೆಂಕಿಗೂ ನನಗೆ ಧೈರ್ಯ ಬರಲಿಲ್ಲ. ಒಂಬತ್ತಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ ಎದ್ದು ಹೋಗಿ ನೋಡಿದೆ. ಹನ್ನೆರಡಕ್ಕೆ ಒಂದು ಕಡೆ ಒತ್ತಿಕೊಂಡಿದ್ದವು. ಕೈ ತೂರಿಸಿ ಅಡಿಯಲ್ಲಿದ್ದವನ್ನು ಎತ್ತಿ ಬಲ್ಬಿನ ಹತ್ತಿರ ಬಿಟ್ಟೆ. ನಾಲ್ಕಕ್ಕೆ ಹೋದಾಗ ನನ್ನ ಬಾಯಿಂದ ಹಬೆ ಬರುತ್ತಿತ್ತು. ಮರಿಗಳು ದುಂಡಗೆ ಹರಡಿಕೊಂಡು ಕತ್ತು ಹುದುಗಿಸಿ ಮಲಗಿದ್ದವು. ಸುಮ್ನೆ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಹೀಗೆ ಮೂರು ರಾತ್ರಿ ಎದ್ದೆ. ಆರನೇ ರಾತ್ರಿ ಬಲ್ಬು ತೆಗೆದೆ.

ಮೊದಲ ಐದು ದಿನ ಹೊರಗೆ ಬಿಡಲೇ ಇಲ್ಲ. ಇದೇ ನಮ್ಮ ಮನೆ ಅಂತ ಅವಕ್ಕೆ ಗೊತ್ತಾಗಬೇಕು. ಆಮೇಲೆ ಸಂಜೆ ನಾಲ್ಕಕ್ಕೆ, ಹೊಟ್ಟೆ ಹಸಿದಿರುವಾಗ ಬಿಟ್ಟು, ಆರಕ್ಕೆ ಒಳಗೆ ತಟ್ಟೆ ಬಡಿದು ಕರೆದೆ. ಮೊದಲ ಸಂಜೆ ಹತ್ತು ಹನ್ನೆರಡು ಮರಿ ನುಗ್ಗೆಗಿಡದ ಬುಡದಲ್ಲೇ ಕೂತವು. ಒಂದೊಂದಾಗಿ ಹಿಡಿದು ತಂದೆ. ಹದ್ದಿನ ಕಾಟಕ್ಕೆ ಅಂಗಳದ ಮೇಲೆ ಹಳೇ ಮೀನುಬಲೆ ಹರಡಿದ್ದೇನೆ.

ಈಗ ದಿನಾ ಬೆಳಗ್ಗೆ ನೋಡುವುದು ಹೊಟ್ಟು ಮತ್ತು ಪಿಚ್ಚಿಕೆ. ಒಂದು ಹಿಡಿ ಹೊಟ್ಟು ಮುಷ್ಟಿಯಲ್ಲಿ ಒತ್ತುತ್ತೇನೆ. ಕೈ ಬಿಚ್ಚಿದಾಗ ಉದುರಿದರೆ ಒಳ್ಳೆಯದು, ಉಂಡೆಯಾಗಿ ನಿಂತರೆ ತೇವ ಜಾಸ್ತಿ. ಒದ್ದೆ ಹೊಟ್ಟಿನಲ್ಲಿ ರಕ್ತಭೇದಿ ಬೇಗ ಹಬ್ಬುತ್ತದೆ. ಪಿಚ್ಚಿಕೆಯಲ್ಲಿ ಕೆಂಪು ಕಂಡರೆ, ಮರಿ ರೆಕ್ಕೆ ಜೋಲಿಸಿ ನಿಂತರೆ, ಆವತ್ತೇ ಪಶುವೈದ್ಯರ ಹತ್ತಿರ ಹೋಗಬೇಕು, ನಾಳೆ ನೋಡೋಣ ಅನ್ನಬಾರದು. ನೀರಿನ ಡಬ್ಬದ ಸುತ್ತಲಿನ ಹೊಟ್ಟನ್ನು ಎರಡು ದಿನಕ್ಕೊಮ್ಮೆ ತೆಗೆದು ಒಣಗಿದ್ದು ಹಾಕುತ್ತೇನೆ.

ತಂದ 50ರಲ್ಲಿ ಎರಡು ಮೊದಲ ವಾರವೇ ಹೋದವು, ಅವು ಬರುವಾಗಲೇ ಸೊರಗಿದ್ದವು. ಹೊರಗೆ ಹಾಕಿದ ಮೇಲೆ ಒಂದೂ ಹೋಗಿಲ್ಲ. ನೆಲದಿಂದ ಒಂದು ಅಡಿ ಎತ್ತರಕ್ಕೆ ಅಡಿಕೆ ದಬ್ಬೆ ಕಟ್ಟಿದ್ದೇನೆ, ಅರ್ಧದಷ್ಟು ಮರಿ ಅದರ ಮೇಲೆ ಹತ್ತಿ ಮಲಗುತ್ತವೆ. ದೊಡ್ಡ ಕೋಳಿಗಳ ಜೊತೆ ಬಿಡಲು ಇನ್ನೂ ಒಂದು ತಿಂಗಳಿದೆ. ಅಲ್ಲಿಯವರೆಗೆ ಮಧ್ಯೆ ಜಾಲರಿ ಇದ್ದೇ ಇರುತ್ತದೆ.