ಹೌದಪ್ಪನ ಚಾವಡಿಯಿಂದ ಎದ್ದು ಬಂದ ಬಗೆ

ಇಪ್ಪತ್ತರ ವಯಸ್ಸಿನಲ್ಲಿ ನಾನು ನನ್ನನ್ನು ಬಂಡಾಯಗಾರನೆಂದೇ ತಿಳಿದಿದ್ದೆ. ಮನೆಯವರ ಮಾತು ಮೀರಿ ವಿದ್ಯಾರ್ಥಿ ಸಂಘಟನೆಯೊಂದನ್ನು ಸೇರಿದ್ದೆ, ಮೆರವಣಿಗೆಗಳಲ್ಲಿ ಮುಂದಿನ ಸಾಲಿನಲ್ಲಿರುತ್ತಿದ್ದೆ, ದೇವರ ಮಾತೆತ್ತಿದವರನ್ನು ಕಂಡರೆ ನಗುತ್ತಿದ್ದೆ. ಸಂಘಟನೆ ಯಾವ ಬಣದ್ದೆಂಬುದನ್ನು ಬೇಕೆಂದೇ ಹೇಳುತ್ತಿಲ್ಲ. ಎದುರು ಬಣದಲ್ಲಿದ್ದ ಗೆಳೆಯನೊಬ್ಬ ವರ್ಷಗಳ ಬಳಿಕ ಹೆಸರುಗಳನ್ನಷ್ಟೇ ಬದಲಿಸಿ ಇದೇ ಕಥೆಯನ್ನು ನನಗೆ ಹೇಳಿದ. ಆಯಾ ದಿನ ಯಾವುದಕ್ಕೆ ಸಿಟ್ಟಾಗಬೇಕೆಂಬುದು ಬೆಳಗಾಗುವಷ್ಟರಲ್ಲಿ ಮೊಬೈಲಿಗೆ ಬಂದಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಅದು ನಮ್ಮ ಸ್ವಂತ ಸಿಟ್ಟೇ ಆಗಿರುತ್ತಿತ್ತು.

ಒಮ್ಮೆ ಸಭೆಯಲ್ಲಿ ಸಹಪಾಠಿಯೊಬ್ಬ ಮುಖಂಡರಿಗೆ ಪ್ರಶ್ನೆ ಕೇಳಿದ. ಮರುದಿನ ಅವನ ವಿರುದ್ಧ ಖಂಡನಾ ಹೇಳಿಕೆ ಸಿದ್ಧವಾಗಿತ್ತು, ನಾನು ಓದದೆಯೇ ಸಹಿ ಹಾಕಿದೆ. ರಾತ್ರಿ ಓದಿದಾಗ, ಅವನು ಆಡಿದನೆಂದು ಅದರಲ್ಲಿ ಬರೆದಿದ್ದ ಮಾತನ್ನು ಅವನು ಆಡಿಯೇ ಇರಲಿಲ್ಲವೆಂಬುದು ಪಕ್ಕದಲ್ಲೇ ಕುಳಿತಿದ್ದ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಸುಮ್ಮನಿದ್ದೆ.

ಆ ಮೌನಕ್ಕೆ ಕಾರಣ ಹುಡುಕುತ್ತಿದ್ದಾಗ, 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲಮನ್ ಆ್ಯಶ್ ನಡೆಸಿದ ಪ್ರಯೋಗಗಳ ವಿವರ ಓದಿದೆ. ಗೆರೆಗಳ ಉದ್ದವನ್ನು ಹೋಲಿಸುವ ಸುಲಭದ ಕೆಲಸದಲ್ಲಿಯೂ, ಸುತ್ತಲಿನವರೆಲ್ಲ ಒಂದೇ ದನಿಯಲ್ಲಿ ತಪ್ಪು ಹೇಳಿದಾಗ, ವಿದ್ಯಾರ್ಥಿಗಳ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗುಂಪಿನ ತಪ್ಪನ್ನೇ ಒಪ್ಪಿಕೊಂಡಿದ್ದವು. ಅಲ್ಲಿ ಸತ್ಯ ಹೇಳುವ ಒಬ್ಬನೇ ಒಬ್ಬ ಜೊತೆಗಾರನಿದ್ದರೆ ಆ ತಪ್ಪುಗಳು ಕಾಲುಭಾಗಕ್ಕೆ ಇಳಿಯುತ್ತಿದ್ದವು. ನನ್ನ ನಂಬಿಕೆ ಶುರುವಾದದ್ದು ಈ ಒಬ್ಬ ಜೊತೆಗಾರನಿಂದ ಎಂದರೆ ಪಂಡಿತರು ನಗಬಹುದು. ಗುಂಪಿನ ಮೆಚ್ಚುಗೆ ಬೇಕಿಲ್ಲದ, ಯಾರೂ ಕೊಂಡುಕೊಳ್ಳಲಾಗದ ಸಾಕ್ಷಿಯೊಬ್ಬ ಕೋಣೆಯಲ್ಲಿ ಸದಾ ಇದ್ದಾನೆಂದು ನಂಬಿ ಬದುಕಿ ನೋಡೋಣವೆಂದುಕೊಂಡೆ.

ಮಾಡಿದ್ದು ಬಹಳ ಸಣ್ಣ ಕೆಲಸಗಳು. ಬೆಳಿಗ್ಗೆ ಅರ್ಧ ಗಂಟೆ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಪ್ರಾರ್ಥನೆಗೆ ಕುಳಿತೆ. ಮೊದಲ ತಿಂಗಳುಗಳಲ್ಲಿ ಅಲ್ಲಿಯೂ ತಲೆಯೊಳಗೆ ಘೋಷಣೆಗಳೇ ಕೇಳಿಸುತ್ತಿದ್ದವು. ವಾರಕ್ಕೊಂದು ದಿನ ಸುದ್ದಿಯನ್ನೂ ಚರ್ಚೆಯನ್ನೂ ಬಿಟ್ಟೆ. ಇವೆರಡೂ ಹೇಗೋ ರೂಢಿಯಾದವು. ಕಷ್ಟವಾದದ್ದು ಮೂರನೆಯದು: ಎದುರಾಳಿಗಳಲ್ಲಿ ಒಬ್ಬರ ಹೆಸರು ಹಿಡಿದು ದಿನವೂ ಅವರ ಒಳಿತಿಗಾಗಿ ಬೇಡುವುದು. ಬಾಯಿ ಹೇಳುತ್ತಿತ್ತು, ಮನಸ್ಸು ಹಲ್ಲು ಕಡಿಯುತ್ತಿತ್ತು. ಆದರೆ ಬೆಳಿಗ್ಗೆ ಯಾರ ಆರೋಗ್ಯಕ್ಕಾಗಿ ಬೇಡಿದೆನೋ ಅವರನ್ನು ಸಂಜೆ ಹುಳುವೆಂದು ಕರೆದು ಬರೆಯಲು ಕೈ ಬರಲಿಲ್ಲ, ಬರೆಯದ ಕೈಯನ್ನು ನಮ್ಮವರು ಬೇಗನೆ ಗುರುತಿಸಿದರು. ಪ್ರಹ್ಲಾದನನ್ನು ಎಲ್ಲರೂ ತಂದೆಯ ಆಜ್ಞೆ ಮೀರಿದವನೆಂದು ನೆನೆಯುತ್ತಾರೆ. ವರ ಕೇಳುವ ಹೊತ್ತು ಬಂದಾಗ ಅವನು ಅದೇ ತಂದೆಯ ಪಾಪ ಕಳೆಯಲೆಂದು ಬೇಡಿದನೆಂಬುದು ನನಗೆ ಹೊಳೆದದ್ದು ಈ ಅಭ್ಯಾಸದ ನಡುವೆಯೇ.

ಎಂಟು ತಿಂಗಳಾದ ಮೇಲೆ ಸಹಿಯನ್ನು ಹಿಂಪಡೆಯುತ್ತೇನೆಂದು ಸಭೆಯಲ್ಲಿ ಎದ್ದು ಹೇಳಿದೆ. ದನಿ ನಡುಗಿತು, ಅರ್ಧ ವಾಕ್ಯ ನುಂಗಿದೆ. ಹೊಡೆತವೇನೂ ಬೀಳಲಿಲ್ಲ, ಮರುದಿನದಿಂದ ಊಟಕ್ಕೆ ಯಾರೂ ಕರೆಯಲಿಲ್ಲ. ಆ ವಯಸ್ಸಿನಲ್ಲಿ ಅದೇ ದೊಡ್ಡ ಶಿಕ್ಷೆ.

ಇದನ್ನು ನಿಜವಾದ ಎದೆಗಾರಿಕೆಯ ಜೊತೆ ಹೋಲಿಸುವ ಧೈರ್ಯ ನನಗಿಲ್ಲ. ಜರ್ಮನಿಯ ಸೋಫಿ ಶೋಲ್ ಹುಡುಗಿಯಾಗಿದ್ದಾಗ ತಂದೆಯ ವಿರೋಧವಿದ್ದರೂ ಹಿಟ್ಲರನ ಯುವ ಸಂಘಟನೆಯನ್ನು ಉತ್ಸಾಹದಿಂದ ಸೇರಿದ್ದವಳು. ಮನೆಗೆ ಅದು ಬಂಡಾಯ, ಆಳುವವರಿಗೆ ಅದೇ ವಿಧೇಯತೆ. ಮುಂದೆ ಅವಳನ್ನು ಅಲ್ಲಿಂದ ಬಿಡಿಸಿದ ಕಾರಣಗಳಲ್ಲಿ ಕ್ರೈಸ್ತ ಶ್ರದ್ಧೆಯೂ ಒಂದು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಹಿಟ್ಲರನ ಆಡಳಿತದ ವಿರುದ್ಧ ಕರಪತ್ರ ಹಂಚಿ ಸಿಕ್ಕಿಬಿದ್ದ ನಾಲ್ಕೇ ದಿನಗಳಲ್ಲಿ, 1943ರ ಫೆಬ್ರುವರಿ 22ರಂದು, ಅವಳ ತಲೆ ಕಡಿಯಲಾಯಿತು. ಆಗ ಅವಳಿಗೆ 21 ವರ್ಷ. ಅದೇ ದೇಶದ ಎಷ್ಟೋ ಚರ್ಚುಗಳು ಆ ಆಡಳಿತಕ್ಕೆ ತಲೆಬಾಗಿದ್ದವೆಂಬುದನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ನಂಬಿಕೆಯವರೆಲ್ಲ ಬಂಡಾಯಗಾರರೆಂಬ ಭ್ರಮೆ ನನಗೂ ಕೆಲಕಾಲ ಇತ್ತು.

ಅದು ಕಳಚಿದ್ದು ನಾನು ಸೇರಿಕೊಂಡಿದ್ದ ಪ್ರಾರ್ಥನಾ ಬಳಗದಲ್ಲಿಯೇ. ಚುನಾವಣೆ ಹತ್ತಿರವಾದಾಗ ಹಿರಿಯರೊಬ್ಬರು ಎಲ್ಲರೂ ಇಂಥವರಿಗೇ ಮತ ಹಾಕುವುದಾಗಿ ಕೈಯೆತ್ತಬೇಕೆಂದರು. ಕೈಗಳು ಎದ್ದವು. ನನಗೆ ಹಳೆಯ ಸಭೆಯ ವಾಸನೆಯೇ ಬಂದಂತಾಯಿತು. “ನಾನು ಇಲ್ಲಿಗೆ ಬರುವುದು ಈ ಅಭ್ಯಾಸವನ್ನು ಬಿಡಲೆಂದು, ದಯವಿಟ್ಟು ಕ್ಷಮಿಸಿ” ಎಂದೆ. ಕೆಲವರು ಮಾತು ಬಿಟ್ಟರು; ಬಳಗವನ್ನು ನಾನು ಬಿಡಲಿಲ್ಲ, ಕೊನೆಯ ಸಾಲಿನಲ್ಲಿ ಈಗಲೂ ಕೂರುತ್ತೇನೆ.

ಅಂದು ನಾನು ಸಹಿ ಹಾಕಿ ನೋಯಿಸಿದ ಸಹಪಾಠಿಯ ಬಳಿ ಕ್ಷಮೆ ಕೇಳಿದೆ. ಒಪ್ಪಲು ಅವನು ವರ್ಷ ತೆಗೆದುಕೊಂಡ. ಅವನಿಗೆ ದೇವರಲ್ಲಿ ನಂಬಿಕೆಯಿಲ್ಲ. ಈಗ ಯಾವ ಹೇಳಿಕೆ ಬಂದರೂ ಸಹಿ ಹಾಕುವ ಮುನ್ನ ಅವನಿಗೆ ಓದಿ ಹೇಳುತ್ತೇನೆ, ಅವನು ಎರಡು ವಾಕ್ಯಗಳನ್ನಾದರೂ ಹೊಡೆದುಹಾಕಿಸುತ್ತಾನೆ.